ಶಾಲೆಯಿಂದ ಮನೆಗೆ ವಾರದ ಓಲೆ

ಶನಿವಾರ ಮಧ್ಯಾಹ್ನ ಅರ್ಧ ದಿನದ ಶಾಲೆ ಮುಗಿಸಿಕೊಂಡು ಮಗು ಮನೆಗೆ ಬರುತ್ತದೆ. ಪಾಟಿಚೀಲವನ್ನು ಮೂಲೆಗೆ ಇಟ್ಟು ಅಡುಗೆಮನೆಯ ಕಡೆಗೆ ನಡೆಯುತ್ತದೆ. "ಈ ವಾರ ಶಾಲೆಯಲ್ಲಿ ಏನು ಕಲಿಸಿದರು?" ಎಂದು ತಾಯಿ ಕೇಳುತ್ತಾಳೆ. "ಏನಿಲ್ಲ" ಎಂದು ಮಗು ಉತ್ತರ ಕೊಡುತ್ತದೆ. ತಾಯಿಗೂ ಕೈತುಂಬ ಕೆಲಸ, ಮಗುವಿಗೂ ಹಸಿವು. ಮಾತು ಅಲ್ಲಿಗೇ ಮುಗಿಯುತ್ತದೆ.

ಈ "ಏನಿಲ್ಲ" ಎಂಬ ಒಂದು ಮಾತಿನೊಳಗೆ ಎಷ್ಟೊಂದು ಅಡಗಿದೆ ಎಂಬುದನ್ನು ನಾವು ಯೋಚಿಸುವುದಿಲ್ಲ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕಾಯಿದೆಯ ಪ್ರಕಾರ 6ರಿಂದ 8ನೆಯ ತರಗತಿಯವರೆಗೆ ವರ್ಷಕ್ಕೆ 220 ದಿನ, 1000 ಗಂಟೆಗಳ ಪಾಠ ನಡೆಯಬೇಕು. 5ನೆಯ ತರಗತಿಯವರೆಗಿನ ಮಕ್ಕಳಿಗೆ 200 ದಿನ, 800 ಗಂಟೆ. ದೊಡ್ಡ ಮಕ್ಕಳ ಲೆಕ್ಕವನ್ನು ವಾರಕ್ಕೆ ಆರು ದಿನದಂತೆ ಹಂಚಿದರೆ ವರ್ಷಕ್ಕೆ ಸುಮಾರು 37 ವಾರ, ವಾರಕ್ಕೆ ಸುಮಾರು 27 ಗಂಟೆ ಎಂದಾಗುತ್ತದೆ. ಇಪ್ಪತ್ತೇಳು ಗಂಟೆಗಳ ಕಾಲ ನಮ್ಮ ಮಗು ಕೇಳಿದ್ದು, ನೋಡಿದ್ದು, ತಪ್ಪಿದ್ದು, ತಿದ್ದಿಕೊಂಡದ್ದು ಎಲ್ಲವೂ ಆ ಒಂದು ಮಾತಿನ ಹಿಂದೆ ಮರೆಯಾಗಿ ಹೋಗುತ್ತದೆ.

ಈ ಮರೆಯನ್ನು ಸರಿಸುವುದಕ್ಕೆ ಬಹು ಸರಳವಾದ ಉಪಾಯವೊಂದುಂಟು. ಪ್ರತಿ ವಾರದ ಕೊನೆಗೆ ತರಗತಿಯ ಶಿಕ್ಷಕರು ಪಾಲಕರಿಗೆ ಅರ್ಧ ಪುಟದ ಓಲೆಯೊಂದನ್ನು ಬರೆಯುವುದು, ಮನೆಯವರು ಅದನ್ನು ಮಗುವಿನೊಡನೆ ಕುಳಿತು ಓದುವುದು. ಇದು ಹೇಳುವುದಕ್ಕೆ ಸುಲಭ, ಮಾಡುವುದರಲ್ಲಿ ಎಡವುವುದೂ ಅಷ್ಟೇ ಸುಲಭ. ನಾವೇ ಎಡವಿದ್ದೇವೆ. ಆದುದರಿಂದಲೇ ಈ ವಿಷಯವನ್ನು ಪತ್ರಿಕೆಯ ಓದುಗ ಬಂಧುಗಳ ಮುಂದಿಡುವ ಮನಸ್ಸಾಯಿತು.

ವಯಸ್ಸಿನ ತಿರುವು

ಒಂದು, ಎರಡನೆಯ ತರಗತಿಯ ಮಕ್ಕಳಿಗೆ ಇಂತಹ ಓಲೆಯ ಅವಶ್ಯಕತೆ ಅಷ್ಟಾಗಿ ಕಾಣುವುದಿಲ್ಲ. ಆ ಮಕ್ಕಳು ಶಾಲೆಯಲ್ಲಿ ಕಲಿತ ಹಾಡನ್ನು ದಾರಿಯುದ್ದಕ್ಕೂ ಹಾಡಿಕೊಂಡೇ ಬರುತ್ತಾರೆ. ಕಲಿತ ಅಕ್ಷರವನ್ನು ನೆಲದ ಮೇಲೆ, ಗೋಡೆಯ ಮೇಲೆ ಬರೆದು ತೋರಿಸುತ್ತಾರೆ. ತಾಯಿ ಕೇಳದಿದ್ದರೂ ವರದಿ ಒಪ್ಪಿಸುತ್ತಾರೆ.

5ನೆಯ ತರಗತಿಯಿಂದ 7ನೆಯ ತರಗತಿಯವರೆಗಿನ ಕಾಲ ಬೇರೆ. ಹತ್ತರಿಂದ ಹದಿಮೂರರ ಈ ವಯಸ್ಸಿನಲ್ಲಿ ಎರಡು ಬದಲಾವಣೆಗಳು ಒಟ್ಟಿಗೇ ಬರುತ್ತವೆ. ಮೊದಲನೆಯದು ಪಾಠದಲ್ಲಿ. ಅಲ್ಲಿಯವರೆಗೆ ಮಗು ಓದುವುದನ್ನು ಕಲಿಯುತ್ತಿತ್ತು, ಇನ್ನು ಮುಂದೆ ಓದಿ ಕಲಿಯಬೇಕಾಗುತ್ತದೆ. ಭಿನ್ನರಾಶಿ, ದಶಮಾಂಶ, ಭೂಪಟ, ಇತಿಹಾಸದ ಕಾಲಗಣನೆ, ವಿಜ್ಞಾನದ ಪ್ರಯೋಗ, ಇಂಗ್ಲಿಷಿನ ವಾಕ್ಯ, ಹಿಂದಿಯ ಅಕ್ಷರ, ಹೀಗೆ ಒಂದರ ಹಿಂದೊಂದು ಬರುತ್ತವೆ. ಅನೇಕ ಕಡೆ ಒಬ್ಬ ಗುರುವಿನ ಬದಲಾಗಿ ವಿಷಯಕ್ಕೊಬ್ಬ ಗುರು ಬರುತ್ತಾರೆ. ಇಡೀ ಮಗುವನ್ನು ಒಟ್ಟಾಗಿ ನೋಡುವ ಕಣ್ಣು ಅಲ್ಲಿಗೆ ಹಂಚಿಹೋಗುತ್ತದೆ.

ಎರಡನೆಯ ಬದಲಾವಣೆ ಮಗುವಿನಲ್ಲಿ. ತನಗೆ ಬಾರದುದನ್ನು ಮುಚ್ಚಿಡಬೇಕೆಂಬ ನಾಚಿಕೆ ಈ ವಯಸ್ಸಿನಲ್ಲಿ ಹುಟ್ಟುತ್ತದೆ. ಜೊತೆಯವರ ಮುಂದೆ ಸಣ್ಣವನಾಗುವ ಭಯ ಹುಟ್ಟುತ್ತದೆ. ಪಾಠ ಕಠಿಣವಾಗುವ ಕಾಲಕ್ಕೆ ಸರಿಯಾಗಿ ಮಗುವಿನ ಬಾಯಿ ಕಟ್ಟಿಹೋಗುತ್ತದೆ. ಅದೇ ಕಾಲಕ್ಕೆ ಅನೇಕ ತಂದೆತಾಯಿಗಳೂ "ಇವರ ಪಾಠ ನಮಗೆ ತಿಳಿಯದು" ಎಂದು ಕೈಬಿಡುತ್ತಾರೆ. 10ನೆಯ ತರಗತಿಯ ಪರೀಕ್ಷೆಯಲ್ಲಿ ಗಣಿತದಲ್ಲಿ ಬಿದ್ದ ಹುಡುಗನ ಕಥೆಯನ್ನು ಹಿಂದಕ್ಕೆ ಕೆದಕುತ್ತ ಹೋದರೆ, ಎಷ್ಟೋ ಬಾರಿ ಅದು 5ನೆಯ ಅಥವಾ 6ನೆಯ ತರಗತಿಯ ಯಾವುದೋ ಒಂದು ವಾರದಲ್ಲಿ ಆರಂಭವಾಗಿರುತ್ತದೆ. ಆ ವಾರ ಯಾರೊಬ್ಬರಿಗೂ ಅದು ಗೊತ್ತಾಗಿರುವುದಿಲ್ಲ.

ಅಂಕಪಟ್ಟಿಯೇ ಸಾಲದೆ?

ಶಾಲೆಯವರು ಪ್ರಗತಿ ಪತ್ರ ಕೊಡುತ್ತಾರಲ್ಲ, ಅದು ಸಾಲದೆ ಎಂದು ಕೆಲವರು ಕೇಳಬಹುದು. ನಮ್ಮ ರಾಜ್ಯದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿಯಲ್ಲಿ ವರ್ಷಕ್ಕೆ 4 ರೂಪಣಾತ್ಮಕ, 2 ಸಂಕಲನಾತ್ಮಕ ಮೌಲ್ಯಮಾಪನಗಳಿವೆ. ಇವು ಬೇಕು. ಆದರೆ ಅಂಕಪಟ್ಟಿ ಆಗಿಹೋದುದನ್ನು ಹೇಳುತ್ತದೆ. ಅದು ಕೈಗೆ ಬರುವ ಹೊತ್ತಿಗೆ ತರಗತಿಯು ಮುಂದಿನ ಪಾಠಕ್ಕೆ ಹೋಗಿರುತ್ತದೆ. ಹೊಲಕ್ಕೆ ನೀರು ಸಾಲಲಿಲ್ಲವೆಂಬುದು ರಾಶಿ ಮಾಡುವಾಗ ತಿಳಿದರೆ ಒಕ್ಕಲಿಗನಿಗೆ ಆಗುವ ಪ್ರಯೋಜನವೇನು? ಪೈರು ಬಾಡುವಾಗಲೇ ತಿಳಿಯಬೇಕು.

ಕಾಯಿದೆಯೂ ಇದನ್ನು ಮನಗಂಡಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 24ನೆಯ ಪ್ರಕರಣವು ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪಾಲಕರೊಡನೆ ನಿಯತವಾಗಿ ಸಭೆ ನಡೆಸಿ, ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ ಮತ್ತು ಕಲಿಕೆಯ ಪ್ರಗತಿಯನ್ನು ಅವರಿಗೆ ತಿಳಿಸಬೇಕೆಂಬುದು ಅವುಗಳಲ್ಲಿ ಒಂದು. ಅದಕ್ಕೂ ಮೊದಲೇ, 2001ರಲ್ಲಿ, ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪಾಲಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಸಭೆಗಳು ನಡೆಯುತ್ತವೆ ನಿಜ. ಕೊಠಡಿಯ ಚಾವಣಿ, ಬಿಸಿಯೂಟದ ಅಕ್ಕಿ, ಕುಡಿಯುವ ನೀರಿನ ಮಾತೂ ಅಲ್ಲಿ ನಡೆಯುತ್ತದೆ. ಅವು ಅವಶ್ಯವಾದ ಮಾತುಗಳೇ. ಆದರೆ "ಈ ವಾರ ನಮ್ಮ ಮಕ್ಕಳು ಏನನ್ನು ಅರಿತರು?" ಎಂಬ ಪ್ರಶ್ನೆಯನ್ನು ಸಭೆಗಳಲ್ಲಿ ನಾವು ಕೇಳಿದ್ದು ಬಹಳ ಕಡಿಮೆ.

2020ರ ಮಾರ್ಚಿಯಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದವು. ಅದೇ ವರ್ಷ ವಿದ್ಯಾಗಮ ಯೋಜನೆಯಂತೆ ಶಿಕ್ಷಕರು ಊರೂರಿನ ಗುಡಿ, ಸಮುದಾಯ ಭವನ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಎಷ್ಟೋ ತಂದೆತಾಯಿಗಳು ತಮ್ಮ ಮಕ್ಕಳಿಗೆ ಪಾಠ ನಡೆಯುವುದನ್ನು ಕಣ್ಣಾರೆ ಕಂಡದ್ದು ಆಗಲೇ. ಆ ಕಾಲದಲ್ಲಿಯೇ ತರಗತಿಗೊಂದು ವಾಟ್ಸ್ಯಾಪ್ ಬಳಗವೂ ಬಂದಿತು. ಶಾಲೆ ತೆರೆದ ಮೇಲೂ ಬಳಗ ಉಳಿಯಿತು. ಆದರೆ ಅದರಲ್ಲಿ ಬರುವುದೇನು? ಶುಲ್ಕದ ಸೂಚನೆ, ರಜೆಯ ಸೂಚನೆ, ಸಮವಸ್ತ್ರದ ಸೂಚನೆ. ಇವುಗಳ ಜೊತೆಗೆ ಪಾಲಕರು ಕಳಿಸುವ ಶುಭೋದಯದ ಹೂವಿನ ಚಿತ್ರಗಳು. ದಾರಿ ತೆರೆದಿದೆ, ಅದರ ಮೇಲೆ ಸಾಗಬೇಕಾದ ಸರಕು ಮಾತ್ರ ಸಾಗುತ್ತಿಲ್ಲ.

ನಮ್ಮಿಂದಾದ ಲೋಪ

ಧಾರವಾಡ ಸೀಮೆಯಲ್ಲಿ ಶ್ರೀಮಠದ ಆಶ್ರಯದಲ್ಲಿ ನಡೆಯುವ ಹಿರಿಯ ಪ್ರಾಥಮಿಕ ಶಾಲೆಯೊಂದರ ಹಿತಚಿಂತಕರಲ್ಲಿ ನಾವೂ ಒಬ್ಬರು. ಕೆಲವು ವರ್ಷಗಳ ಹಿಂದೆ, ವಾರಕ್ಕೊಮ್ಮೆ ಪಾಲಕರಿಗೆ ಸಮಾಚಾರ ಕಳಿಸುವ ಪದ್ಧತಿ ಆರಂಭಿಸಬೇಕೆಂದು ಅಲ್ಲಿ ಸಲಹೆ ಕೊಟ್ಟವರು ನಾವೇ. ಶಿಕ್ಷಕರು ಸಂತೋಷದಿಂದ ಒಪ್ಪಿದರು. ಯಾವ ಪಾಠ ಮುಗಿಯಿತು, ಯಾರು ಚೆನ್ನಾಗಿ ಮಾಡಿದರು, ಯಾರು ಹಿಂದೆ ಬಿದ್ದಿದ್ದಾರೆ ಎಂದು ಬರೆದು ಬಳಗಕ್ಕೆ ಕಳಿಸತೊಡಗಿದರು. ಹೆಸರು ಹಾಕಿದರೆ ಮನೆಯವರು ಎಚ್ಚರಗೊಳ್ಳುತ್ತಾರೆ ಎಂದು ನಮಗೂ ತೋರಿತು. ನಾವು ಅದನ್ನು ಮೆಚ್ಚಿದೆವು.

ಎರಡನೆಯ ವಾರವೇ ಮುದುಕಿಯೊಬ್ಬಳು ನಮ್ಮನ್ನು ಹುಡುಕಿಕೊಂಡು ಮಠಕ್ಕೆ ಬಂದಳು. ಆಕೆ ಸಂತೆಯಲ್ಲಿ ಕಾಯಿಪಲ್ಲೆ ಮಾರಿ ಬದುಕುವವಳು. ಮಗ ಸೊಸೆ ದುಡಿಮೆಗೆಂದು ಗೋವೆಯಲ್ಲಿದ್ದರು. 6ನೆಯ ತರಗತಿಯಲ್ಲಿ ಓದುವ ಮೊಮ್ಮಗ ಅಜ್ಜಿಯ ಹತ್ತಿರ ಇದ್ದ. ಆಕೆಗೆ ಓದು ಬಾರದು, ಅಂತಹ ಫೋನೂ ಇಲ್ಲ. ಪಕ್ಕದ ಮನೆಯವರ ಫೋನಿಗೆ ಬಂದ ಸಮಾಚಾರದಲ್ಲಿ ಮೊಮ್ಮಗನ ಹೆಸರು ಇತ್ತು. ಅವರು ಓದಿ ಹೇಳಿದ್ದರು, ಓಣಿಯ ಹುಡುಗರು ಆಡಿಕೊಂಡಿದ್ದರು. ಹುಡುಗ ನಾಲ್ಕು ದಿನದಿಂದ ಶಾಲೆಗೆ ಹೋಗಿರಲಿಲ್ಲ.

ಆ ತಾಯಿ ನಮ್ಮ ಮುಂದೆ ನಿಂತು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಶಾಸ್ತ್ರಿಗಳ, ನಮ್ಮ ಹುಡುಗಗ ಭಾಗಾಕಾರ ಬರೂದಿಲ್ಲಂತ ಊರಿಗೆಲ್ಲಾ ಗೊತ್ತಾತು. ಬರೂ ಹಂಗ ಮಾಡೂದು ಹೆಂಗಂತ ನನಗ ಯಾರೂ ಹೇಳಲಿಲ್ಲ."

ನಮ್ಮಲ್ಲಿ ಉತ್ತರವಿರಲಿಲ್ಲ. ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಕೂಡದೆಂದು ಅದೇ ಕಾಯಿದೆಯ 17ನೆಯ ಪ್ರಕರಣ ಹೇಳುತ್ತದೆ. ಬೆತ್ತವನ್ನು ಕೆಳಗಿಟ್ಟ ನಾವು ಅದೇ ಕೆಲಸವನ್ನು ಫೋನಿನಿಂದ ಮಾಡಿದ್ದೆವು. ಆ ತಾಯಿಯ ಮಾತಿನಲ್ಲಿ ಇನ್ನೊಂದು ಆಳವಾದ ಸತ್ಯವೂ ಇತ್ತು. ನಾವು ಕಳಿಸಿದ್ದು ತೀರ್ಪು, ಆಕೆಗೆ ಬೇಕಾಗಿದ್ದುದು ಸಮಾಚಾರ. ಮಗು ಹಿಂದೆ ಬಿದ್ದಿದೆ ಎಂಬುದು ತೀರ್ಪು. ಎಲ್ಲಿ ತೊಡಕು ಬಿದ್ದಿದೆ, ಅದನ್ನು ಬಿಡಿಸಲು ಮನೆಯವರು ಏನು ಮಾಡಬಹುದು ಎಂಬುದು ಸಮಾಚಾರ.

ಮರುದಿನವೇ ಗಣಿತದ ಶಿಕ್ಷಕರು ನಮ್ಮೊಡನೆ ಆ ಮನೆಗೆ ಬಂದರು. ಹುಡುಗನ ಮುಂದೆ ಅಜ್ಜಿಯ ಕ್ಷಮೆ ಕೇಳಿದೆವು. ಬಳಿಕ ಶಿಕ್ಷಕರು ಪಾಟಿಯ ಮೇಲೆ ಒಂದು ಲೆಕ್ಕ ಬರೆದು ತೋರಿಸಿದರು: 816ನ್ನು 8ರಿಂದ ಭಾಗಿಸಬೇಕು. ಹುಡುಗ 12 ಎಂದು ಬರೆದ. ಸರಿಯಾದ ಉತ್ತರ 102. ಎಂಟರಲ್ಲಿ ಎಂಟು ಹೋಯಿತು, ಒಂದು. ಮುಂದಿನ ಒಂದರಲ್ಲಿ ಎಂಟು ಹೋಗುವುದಿಲ್ಲ, ಅಲ್ಲಿ ಸೊನ್ನೆ ಇಡಬೇಕು. ಆ ಸೊನ್ನೆಯನ್ನು ಹುಡುಗ ಬಿಡುತ್ತಿದ್ದ. ಅವನಿಗೆ ಭಾಗಾಕಾರ ಬಾರದೆಂಬುದು ಸುಳ್ಳು, ಒಂದು ಸೊನ್ನೆಯ ಜಾಗ ತಿಳಿದಿರಲಿಲ್ಲ ಅಷ್ಟೆ. ಈ ತಪ್ಪು ಅವನೊಬ್ಬನದೂ ಅಲ್ಲ, ಆ ವಯಸ್ಸಿನ ಬಹಳ ಮಕ್ಕಳು ಮಾಡುವಂತಹುದು.

ಶಿಕ್ಷಕರು ಅದನ್ನು ಅಜ್ಜಿಗೆ ರೂಪಾಯಿಯ ಲೆಕ್ಕದಲ್ಲಿ ತಿಳಿಸಿದರು. ಎಂಟು ನೂರಾ ಹದಿನಾರು ರೂಪಾಯಿಯನ್ನು ಎಂಟು ಮಂದಿಗೆ ಸಮನಾಗಿ ಹಂಚಬೇಕು, ನಿಮ್ಮ ಮೊಮ್ಮಗ ತಲೆಗೆ ಹನ್ನೆರಡು ರೂಪಾಯಿ ಎನ್ನುತ್ತಾನೆ ಎಂದರು. ಅಜ್ಜಿ ಕ್ಷಣವೂ ತಡಮಾಡಲಿಲ್ಲ. "ಎಂಟು ಮಂದಿಗೆ ಹನ್ನೆರಡು ಕೊಟ್ರ ನೂರೂ ತುಂಬೂದಿಲ್ಲಲ್ಲೋ. ಉಳಿದ ಏಳನೂರಾ ಇಪ್ಪತ್ತು ಯಾರ ಕಿಸೇಕ ಹೋತು?" ಎಂದು ಮೊಮ್ಮಗನನ್ನು ಕೇಳಿದಳು. ಹುಡುಗ ನಕ್ಕ. ಪಾಟಿ ಎಳೆದುಕೊಂಡು ಮತ್ತೆ ಲೆಕ್ಕ ಮಾಡಿದ. ಮರುದಿನ ಶಾಲೆಗೆ ಬಂದ.

ಅಕ್ಷರ ಬಾರದ ಆ ತಾಯಿಗೆ ಲೆಕ್ಕ ಬಾರದೆ ಇರಲಿಲ್ಲ. ಉತ್ತರ ಬಂದ ಮೇಲೆ ಅದು ಸರಿಯೋ ಅಲ್ಲವೋ ಎಂದು ತೂಗಿ ನೋಡುವ ವಿವೇಕ ಆಕೆಯಲ್ಲಿತ್ತು. ಗಣಿತದಲ್ಲಿ ಅದು ದೊಡ್ಡ ಗುಣ. ಮನೆಯಲ್ಲಿ ಅರಿವು ಇದ್ದೇ ಇತ್ತು, ಅದಕ್ಕೆ ಶಾಲೆಯ ಸುದ್ದಿ ಮುಟ್ಟಿರಲಿಲ್ಲ. ವಾರದ ಓಲೆಯ ಉದ್ದೇಶವೇನೆಂಬುದು ನಮಗೆ ತಿಳಿದದ್ದು ಅಂದು.

ಓಲೆಯಲ್ಲಿ ಏನಿರಬೇಕು?

ಆಮೇಲೆ ಶಿಕ್ಷಕರೆಲ್ಲರೂ ಕೂಡಿ ಓಲೆಯ ಕ್ರಮವನ್ನು ತಿದ್ದಿದರು. ಇಡೀ ತರಗತಿಗೆ ಸಂಬಂಧಿಸಿದುದನ್ನು ಎಲ್ಲರಿಗೂ ಬರೆಯುವುದು, ಒಂದು ಮಗುವಿಗೆ ಸಂಬಂಧಿಸಿದುದನ್ನು ಆ ಮನೆಯವರಿಗೆ ಮಾತ್ರ, ಆದಷ್ಟು ಮುಖತಃ ಹೇಳುವುದು ಎಂದು ಮೊದಲು ನಿಶ್ಚಯವಾಯಿತು. ಹೊಗಳಿಕೆಗೂ ಇದೇ ನಿಯಮ. ಪ್ರತಿ ವಾರವೂ ನಾಲ್ಕು ಮಕ್ಕಳ ಹೆಸರನ್ನೇ ಹೊಗಳಿದರೆ ಉಳಿದ ಮೂವತ್ತು ಮಕ್ಕಳ ಮನೆಗೆ ಹೋಗುವ ಸಂದೇಶವೇನೆಂಬುದನ್ನು ಹೇಳಬೇಕಾಗಿಲ್ಲ.

ಓಲೆಯಲ್ಲಿ ನಾಲ್ಕು ಸಂಗತಿಗಳು ಇದ್ದರೆ ಸಾಕು. ಈ ವಾರ ಏನು ಕಲಿತೆವು ಎಂಬುದು ಮೊದಲನೆಯದು. ಮಕ್ಕಳು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ ಎಂಬುದು ಎರಡನೆಯದು. ಮನೆಯಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಅಥವಾ ಮಾಡಬೇಕಾದ ಒಂದು ಕೆಲಸ ಮೂರನೆಯದು. ಮುಂದಿನ ವಾರ ಏನು ಬರಲಿದೆ ಎಂಬುದು ನಾಲ್ಕನೆಯದು. ಶುಲ್ಕ, ಸಭೆ, ಸಮವಸ್ತ್ರಗಳ ಸೂಚನೆ ಬೇರೆಯಾಗಿಯೇ ಹೋಗಲಿ. ಹಣದ ಮಾತು ಬಂದೊಡನೆ ಪಾಲಕರ ಕಣ್ಣು ಉಳಿದುದನ್ನು ಬಿಟ್ಟು ಅಲ್ಲಿಗೇ ಓಡುತ್ತದೆ.

"6ನೆಯ ಪಾಠ ಮುಗಿಯಿತು" ಎಂದು ಬರೆದರೆ ಮನೆಯವರಿಗೆ ಏನೂ ತಿಳಿಯುವುದಿಲ್ಲ. ಮಾತು ಸ್ಪಷ್ಟವಾಗಿರಬೇಕು, ಮನೆಯ ಬಳಕೆಯ ಕನ್ನಡದಲ್ಲಿರಬೇಕು. ಆ ಶಾಲೆಯ 5ನೆಯ ತರಗತಿಯ ಓಲೆಯ ಮಾದರಿಯೊಂದನ್ನು ಇಲ್ಲಿ ಕೊಡುತ್ತೇವೆ:

"ಪಾಲಕರಿಗೆ ಶರಣು. ಈ ವಾರ ಗಣಿತದಲ್ಲಿ ಎರಡು ಭಿನ್ನರಾಶಿಗಳಲ್ಲಿ ದೊಡ್ಡದು ಯಾವುದೆಂದು ಗುರುತಿಸುವುದನ್ನು ಕಲಿತೆವು. ಮೂರಕ್ಕಿಂತ ನಾಲ್ಕು ದೊಡ್ಡದಾದುದರಿಂದ ಮೂರನೆಯ ಒಂದು ಪಾಲಿಗಿಂತ ನಾಲ್ಕನೆಯ ಒಂದು ಪಾಲು ದೊಡ್ಡದೆಂದು ಮಕ್ಕಳು ಎಣಿಸುವುದುಂಟು. ಒಂದೇ ಅಳತೆಯ ಎರಡು ರೊಟ್ಟಿಗಳನ್ನು ತೆಗೆದುಕೊಂಡು, ಒಂದನ್ನು ಮೂವರಿಗೆ, ಇನ್ನೊಂದನ್ನು ನಾಲ್ವರಿಗೆ ಸಮನಾಗಿ ಹಂಚಲು ಮಗುವಿಗೆ ಹೇಳಿರಿ. ಯಾರಿಗೆ ಹೆಚ್ಚು ಸಿಕ್ಕಿತು, ಏಕೆ ಎಂದು ಕೇಳಿರಿ. ಪರಿಸರ ಅಧ್ಯಯನದಲ್ಲಿ, ನಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಚರ್ಚಿಸಿದೆವು. ಮನೆಯ ಹಿರಿಯರು ಚಿಕ್ಕವರಿದ್ದಾಗ ನೀರು ಎಲ್ಲಿಂದ ತರುತ್ತಿದ್ದರು ಎಂದು ಮಗು ಕೇಳಿ ಬರೆದುಕೊಂಡು ಬರಲಿ. ಮುಂದಿನ ವಾರ ಭಿನ್ನರಾಶಿಗಳನ್ನು ಕೂಡಿಸುವುದನ್ನು ಕಲಿಯುತ್ತೇವೆ."

ಇಷ್ಟೇ. ಓದಲು ಎರಡು ನಿಮಿಷ ಸಾಕು. ಆದರೆ ಇದನ್ನು ಓದಿದ ತಾಯಿ "ಏನು ಕಲಿಸಿದರು?" ಎಂದು ಕೇಳುವುದಿಲ್ಲ, "ರೊಟ್ಟಿ ಹಂಚಿ ತೋರಿಸು ನೋಡೋಣ" ಎನ್ನುತ್ತಾಳೆ. ಅದಕ್ಕೆ "ಏನಿಲ್ಲ" ಎಂದು ಉತ್ತರ ಕೊಡಲು ಬಾರದು. ನೀರಿನ ಪ್ರಶ್ನೆ ಮನೆಗೆ ಹೋದ ವಾರ ಎಷ್ಟೋ ಅಜ್ಜ ಅಜ್ಜಿಯರು ತೋಡುಬಾವಿ, ಕೆರೆ, ಹಳ್ಳದ ವರತೆಗಳ ಕಥೆ ಹೇಳಿದರಂತೆ. ಪುಸ್ತಕದಲ್ಲಿಲ್ಲದ ಪಾಠ ಮನೆಯಿಂದ ತರಗತಿಗೆ ಬಂದಿತು. ಓಲೆ ಶಾಲೆಯಿಂದ ಮನೆಗೆ ಹೋದರೂ ಅರಿವು ಎರಡೂ ಕಡೆಯಿಂದ ಹರಿಯಿತು.

ಮನೆಯವರ ಪಾಲು

ಓಲೆ ಬಂದರೆ ಸಾಲದು, ಅದನ್ನು ಬರಮಾಡಿಕೊಳ್ಳುವ ರೀತಿ ಗೊತ್ತಿರಬೇಕು. ವಾರದಲ್ಲಿ ಒಂದು ಹೊತ್ತನ್ನು ಇದಕ್ಕೆಂದೇ ಇಟ್ಟುಕೊಳ್ಳುವುದು ಒಳ್ಳೆಯದು. ಶನಿವಾರ ಅಥವಾ ಭಾನುವಾರ ಸಂಜೆ, ಲಿಂಗಪೂಜೆ ಮುಗಿದು ಮನೆಯವರೆಲ್ಲ ಕೂಡಿರುವ ಹೊತ್ತು ಪ್ರಶಸ್ತವಾದುದು. ಕಾಲು ಗಂಟೆ ಸಾಕು. ದೂರದರ್ಶನವೂ ಫೋನೂ ಆ ಕಾಲು ಗಂಟೆ ಸುಮ್ಮನಿರಲಿ.

ಓಲೆಯನ್ನು ಮಗುವೇ ಗಟ್ಟಿಯಾಗಿ ಓದಲಿ. ಓದು ಬಾರದ ತಂದೆತಾಯಿಗಳ ಮನೆಯಲ್ಲಂತೂ ಇದು ದೊಡ್ಡ ಅನುಕೂಲ. ಮಗು ಓದಿ ಹೇಳುತ್ತದೆ, ಹಿರಿಯರು ಕೇಳುತ್ತಾರೆ. ಆ ಹೊತ್ತಿಗೆ ಮಗುವೇ ಗುರು. ತನಗೆ ತಿಳಿದುದನ್ನು ಇನ್ನೊಬ್ಬರಿಗೆ ಹೇಳುವಾಗ ಅರ್ಧ ತಿಳಿದದ್ದು ಪೂರ್ಣ ತಿಳಿಯುತ್ತದೆ. ಎಲ್ಲಿ ತಿಳಿದಿಲ್ಲವೆಂಬುದೂ ಅಲ್ಲಿಯೇ ಬಯಲಾಗುತ್ತದೆ. "ನನಗ ತಿಳೀವಲ್ದು, ಇನ್ನೊಮ್ಮೆ ಹೇಳವಾ" ಎಂದು ತಾಯಿ ಮಗಳನ್ನು ಕೇಳುವುದರಲ್ಲಿ ಯಾವ ಕೊರತೆಯೂ ಇಲ್ಲ.

ಆದರೆ ಓಲೆಯನ್ನು ಕೈಯಲ್ಲಿ ಹಿಡಿದು ಮಗುವನ್ನು ವಿಚಾರಣೆಗೆ ನಿಲ್ಲಿಸಬಾರದು. "ಪಕ್ಕದ ಮನೆಯವನಿಗೆ ಬರುತ್ತದೆ, ನಿನಗೇಕೆ ಬರುವುದಿಲ್ಲ?" ಎಂಬ ಮಾತು ಬಂದರೆ ಆ ವಾರದಿಂದಲೇ ಓಲೆಯ ಪ್ರಯೋಜನ ಮುಗಿಯಿತು. ಮುಂದಿನ ವಾರ ಓಲೆ ಪಾಟಿಚೀಲದಿಂದ ಹೊರಗೆ ಬರುವುದೇ ಇಲ್ಲ. ಹೋಲಿಸುವುದಿದ್ದರೆ ಮಗುವನ್ನು ಅದರ ಹೋದ ತಿಂಗಳಿನೊಡನೆ ಹೋಲಿಸಬೇಕು.

ಮಗ ಸೊಸೆ ಬೆಂಗಳೂರು, ಗೋವೆ, ಮಹಾರಾಷ್ಟ್ರಗಳಿಗೆ ದುಡಿಯಲು ಹೋಗಿ, ಮೊಮ್ಮಕ್ಕಳು ಅಜ್ಜ ಅಜ್ಜಿಯರ ಬಳಿ ಉಳಿದ ಮನೆಗಳು ನಮ್ಮ ಭಾಗದಲ್ಲಿ ಹಲವಿವೆ. ಅಂತಹ ಮನೆಗಳಿಗೆ ಕಾಗದದ ಓಲೆಯ ಜೊತೆಗೆ ಶಿಕ್ಷಕರು ತಮ್ಮ ದನಿಯಲ್ಲೇ ಓದಿ ಕಳಿಸಿದರೆ ದೂರದಲ್ಲಿರುವ ತಂದೆತಾಯಿಗಳೂ ಕೇಳಬಹುದು. ವಾರಕ್ಕೊಮ್ಮೆ ಮಗನೊಡನೆ ಮಾತನಾಡುವ ತಂದೆ "ಉಂಡೆಯಾ? ಚೆನ್ನಾಗಿದ್ದೀಯಾ?" ಎಂಬ ಎರಡು ಪ್ರಶ್ನೆಗಳ ಬಳಿಕ ಮಾತು ತೋಚದೆ ಫೋನು ಇಡುತ್ತಾನೆ. ಅವನ ಕೈಗೆ ಮೂರನೆಯ ಪ್ರಶ್ನೆಯೊಂದನ್ನು ಓಲೆ ಕೊಡುತ್ತದೆ.

ಮಠಗಳ ಪ್ರಸಾದ ನಿಲಯಗಳಲ್ಲಿ ಇದ್ದು ಓದುವ ಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ಅವಶ್ಯ. ತುಮಕೂರಿನ ಸಿದ್ಧಗಂಗೆಯಂತಹ ಮಠಗಳಲ್ಲಿ ಸಾವಿರಾರು ಮಕ್ಕಳು ಮನೆಯಿಂದ ದೂರವಿದ್ದು ಅನ್ನ, ಅಕ್ಷರ, ಆಶ್ರಯ ಪಡೆಯುತ್ತಾರೆ. ನಾವೂ ಚಿಕ್ಕಂದಿನಲ್ಲಿ ಮಠದ ಅನ್ನ ಉಂಡು ಬೆಳೆದವರೇ. ನಮ್ಮ ಗುರುಗಳು ಆಗಾಗ ಊರಿಗೆ ಒಂದು ಕಾರ್ಡು ಬರೆಯುತ್ತಿದ್ದರು. ತಂದೆಯವರಿಗೆ ಓದು ಬಾರದು, ಊರಿನ ಟಪಾಲಿನವರೇ ಓದಿ ಹೇಳುತ್ತಿದ್ದರು. "ಹುಡುಗ ಅಮರಕೋಶದ ಮೊದಲ ಕಾಂಡ ಮುಗಿಸಿದ, ಉಚ್ಚಾರದಲ್ಲಿ ಶಕಾರ ಷಕಾರಗಳ ಭೇದ ಇನ್ನೂ ಬರಬೇಕು" ಎಂಬಂತಹ ನಾಲ್ಕು ಸಾಲು. ರಜೆಗೆ ಹೋದಾಗ ತಂದೆಯವರು "ಆ ಎರಡು ಶ ಈಗ ಬಂದವೇನೋ?" ಎಂದು ಕೇಳಿದ್ದು ನೆನಪಿದೆ. ಅಮರಕೋಶವೆಂದರೇನೆಂದು ಅವರು ಅರಿಯರು. ಮಗನ ವಿದ್ಯೆಯ ಒಂದು ಎಳೆ ಮಾತ್ರ ಅವರ ಕೈಯಲ್ಲಿತ್ತು. ಆ ಎಳೆ ಕೈಯಲ್ಲಿದ್ದುದರಿಂದಲೇ ನಾವು ಮನೆಗೆ ಹೊರಗಿನವರಾಗಲಿಲ್ಲ.

ಶಿಕ್ಷಕರ ಹೊರೆ

ಇಲ್ಲಿ ಶಿಕ್ಷಕರ ಪಕ್ಷದ ಮಾತನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಸಿದ್ಧತೆಯ ಸಮಯವೂ ಸೇರಿ ವಾರಕ್ಕೆ 45 ಗಂಟೆಗಳ ಕೆಲಸವನ್ನು ಕಾಯಿದೆ ಅವರಿಗೆ ಹೇಳಿದೆ. ಅದರ ಜೊತೆಗೆ ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆಯ ಕೆಲಸಗಳೂ ಬರುತ್ತವೆ. ಅವರ ಮೇಲೆ ಇನ್ನೊಂದು ದಾಖಲೆಯ ಭಾರ ಹೇರುವುದು ನಮ್ಮ ಉದ್ದೇಶವಲ್ಲ. ಮಗುವಿಗೊಂದರಂತೆ ಮೂವತ್ತೈದು ಓಲೆ ಬರೆಯಬೇಕೆಂದು ಯಾರೂ ಕೇಳಬಾರದು. ತರಗತಿಗೊಂದು ಓಲೆ, ವಿಷಯಕ್ಕೆ ಎರಡು ಮೂರು ಸಾಲು. ವಿಷಯಕ್ಕೊಬ್ಬ ಶಿಕ್ಷಕರಿರುವಲ್ಲಿ ಪ್ರತಿಯೊಬ್ಬರೂ ತಮ್ಮ ಸಾಲು ಕೊಟ್ಟರೆ ತರಗತಿಯ ಶಿಕ್ಷಕರು ಕೂಡಿಸಬಹುದು. 7ನೆಯ ತರಗತಿಯಲ್ಲಿ ಮಕ್ಕಳೇ ಸರದಿಯಂತೆ ಕರಡು ಬರೆದು ಶಿಕ್ಷಕರಿಂದ ತಿದ್ದಿಸಿಕೊಳ್ಳಬಹುದು. ಅದೇ ಒಂದು ಕನ್ನಡದ ಪಾಠವಾಗುತ್ತದೆ.

ಪಾಲಕರೂ ಮರ್ಯಾದೆ ಅರಿತು ನಡೆಯಬೇಕು. ರಾತ್ರಿ ಹತ್ತು ಗಂಟೆಗೆ ಗುರುಗಳ ಫೋನಿಗೆ ಪ್ರಶ್ನೆ ಕಳಿಸಿ, ಉತ್ತರ ಬಾರದಿದ್ದರೆ ಮುನಿಸಿಕೊಳ್ಳುವುದು ತರವಲ್ಲ. ಓಲೆಯಲ್ಲಿ ಅಕ್ಷರದೋಷ ಕಂಡರೆ ಬಳಗದಲ್ಲಿ ಅಪಹಾಸ್ಯ ಮಾಡುವುದೂ ಸಲ್ಲದು. ತಿಂಗಳಿಗೊಮ್ಮೆಯಾದರೂ "ನಿಮ್ಮ ಓಲೆಯಂತೆ ಮನೆಯಲ್ಲಿ ಮಾಡಿ ನೋಡಿದೆವು, ಮಗು ಹೀಗೆ ಹೇಳಿತು" ಎಂದು ಎರಡು ಸಾಲು ಬರೆದು ಕಳಿಸಿದರೆ ಶಿಕ್ಷಕರ ದಣಿವು ಅರ್ಧ ಕಳೆಯುತ್ತದೆ. ಉತ್ತರವೇ ಬಾರದ ಕಾಗದವನ್ನು ಯಾರು ತಾನೇ ಎಷ್ಟು ದಿನ ಬರೆದಾರು?

ಶರಣರ ದಾರಿ

ಇದೆಲ್ಲ ಹೊಸ ಕಾಲದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರು ಅರಿವನ್ನು ಕೆಲವರ ಸೊತ್ತಾಗಿ ಇಟ್ಟುಕೊಳ್ಳಲಿಲ್ಲ. ಮಡಿವಾಳರು, ಅಂಬಿಗರು, ಅಕ್ಕಿ ಆಯುವವರು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಿದರು, ಅವರಿಂದ ಕೇಳಿದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದಾಗ ಲಕ್ಕಮ್ಮನವರು ಅದನ್ನು ಪ್ರಶ್ನಿಸಿ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಪ್ರಸಂಗ ನಮಗೆಲ್ಲ ತಿಳಿದುದೇ. ಹೊರಗೆ ನಡೆದ ಕಾಯಕದ ವಿವರ ಮನೆಗೆ ತಿಳಿದಿತ್ತು, ಮನೆಯ ವಿವೇಕ ಆ ಕಾಯಕವನ್ನು ತಿದ್ದಿತು. ಮಗುವಿನ ಕಾಯಕ ವಿದ್ಯೆ. ಅದರ ವಿವರವೂ ಮನೆಗೆ ತಿಳಿಯಬೇಕಲ್ಲವೆ?

ಫ.ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಕಟ್ಟಿಟ್ಟಿದ್ದ ತಾಡೋಲೆಗಳನ್ನು ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿ ವಚನಗಳನ್ನು ಕಂತುಕಂತಾಗಿ ಓದುಗರ ಮನೆಗೆ ಮುಟ್ಟಿಸಿದರು. ಗಂಟಿನಲ್ಲಿದ್ದ ಓಲೆ ಪೂಜೆಗೊಳ್ಳುತ್ತಿತ್ತು, ಅದು ಅರಿವಾದದ್ದು ಬಿಚ್ಚಿ ಓದಿದ ಮೇಲೆಯೇ. ನಮ್ಮ ಮಕ್ಕಳ ಪಾಟಿಚೀಲವೂ ಇಂದು ಹಾಗೆ ಕಟ್ಟಿಟ್ಟ ಗಂಟಿನಂತಾಗಿದೆ.

ವಿದ್ಯೆಯ ವಿಷಯದಲ್ಲಿ ನಮ್ಮ ಸಮಾಜ ಹಿಂದೆ ಬಿದ್ದಿಲ್ಲ. ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆ 1910ರಲ್ಲಿ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ 1916ರಲ್ಲಿ, ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠ 1954ರಲ್ಲಿ ಆರಂಭವಾದವು. ಕಟ್ಟಡಗಳಿಗೆ ದಾನ ಕೊಟ್ಟ ಮನೆತನಗಳು ಊರೂರಿನಲ್ಲಿವೆ. ಪಠ್ಯದ ಬಗೆಗೂ ನಾವು ಎಚ್ಚರವುಳ್ಳವರು. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯಾದಾಗ 9ನೆಯ ತರಗತಿಯ ಪುಸ್ತಕದಲ್ಲಿ ಬಸವಣ್ಣನವರ ಬಗೆಗಿನ ಒಕ್ಕಣೆಗೆ ಆಕ್ಷೇಪವೆದ್ದಿತು, ಮಠಾಧೀಶರು ಸರ್ಕಾರಕ್ಕೆ ಪತ್ರ ಬರೆದರು. ಅದು ಯೋಗ್ಯವೇ ಆಗಿತ್ತು. ಆದರೆ ಆ ಒಂದು ಪುಟದ ಬಗೆಗೆ ತೋರಿದ ಕಾಳಜಿಯ ನೂರರಲ್ಲಿ ಒಂದು ಪಾಲನ್ನು ಉಳಿದ ಪುಟಗಳ ಬಗೆಗೆ, ಅವುಗಳನ್ನು ಓದುವ ನಮ್ಮ ಮಗುವಿನ ಬಗೆಗೆ ವಾರಕ್ಕೊಮ್ಮೆ ತೋರಿದರೆ ಎಷ್ಟು ಚೆನ್ನಾಗಿತ್ತು ಎಂದು ನಮಗೆ ಆಗಲೂ ಅನ್ನಿಸಿತ್ತು.

ಆದುದರಿಂದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮಗು 5, 6, 7ನೆಯ ತರಗತಿಯಲ್ಲಿ ಓದುತ್ತಿದ್ದರೆ ಮುಂದಿನ ಸಭೆಯಲ್ಲಿ ವಾರದ ಓಲೆಯ ಮಾತು ಎತ್ತಿರಿ. ದೂರಿನ ದನಿಯಲ್ಲಿ ಬೇಡ, ಕೂಡಿ ಮಾಡೋಣವೆಂಬ ದನಿಯಲ್ಲಿ ಹೇಳಿರಿ. ಕಾಗದದ ವೆಚ್ಚ ಶಾಲೆಗೆ ಭಾರವಾದರೆ ಊರಿನ ಸ್ಥಿತಿವಂತರು ಅದನ್ನು ದಾಸೋಹವೆಂದು ತಿಳಿದು ವಹಿಸಿಕೊಳ್ಳಲಿ. ಓಲೆ ಬರುವವರೆಗೂ ಸುಮ್ಮನಿರಬೇಕಾಗಿಲ್ಲ. ಈ ಶನಿವಾರವೇ ಮಗುವಿನ ಒಂದು ಪುಸ್ತಕ ತೆರೆದು, ಈ ವಾರ ಓದಿದ ಒಂದು ಪುಟವನ್ನು ನಮಗೆ ಓದಿ ತಿಳಿಸು ಎಂದು ಕೇಳಿರಿ.

ಆ ಸಂತೆಯ ತಾಯಿಯ ಮೊಮ್ಮಗ ಈಗ ಪ್ರೌಢಶಾಲೆಯಲ್ಲಿದ್ದಾನೆ. ಸಂತೆಯ ದಿನ ಸಂಜೆ ಅಜ್ಜಿಯ ವ್ಯಾಪಾರದ ಲೆಕ್ಕವನ್ನು ಅವನೇ ಬರೆದಿಡುತ್ತಾನೆ. ಬರೆದುದನ್ನು ಅಜ್ಜಿಗೆ ಓದಿ ಹೇಳುತ್ತಾನೆ, ಅಜ್ಜಿ ಮನಸ್ಸಿನಲ್ಲಿಯೇ ಕೂಡಿಸಿ "ಸರಿ ಐತಿ" ಎನ್ನುತ್ತಾಳೆ. ಒಮ್ಮೊಮ್ಮೆ "ಒಂದು ಸೊನ್ನಿ ಬಿಟ್ಟೀ ನೋಡು" ಎಂದು ನಗುತ್ತಾಳಂತೆ.